ಹಾರಾಟ ಮುಗಿಸಿದ ವಿಮಾನಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗೃಹಸ್ಥರಿಗೆ ಗೋವೆಯು ದೂರದ ನಾಡಲ್ಲ. ದೇವರ ದರ್ಶನಕ್ಕೆಂದು, ಸಮುದ್ರಸ್ನಾನಕ್ಕೆಂದು, ಮಕ್ಕಳ ರಜೆಗೆಂದು ನಮ್ಮ ಕಡೆಯ ಕುಟುಂಬಗಳು ಘಟ್ಟವಿಳಿದು ಹೋಗುತ್ತಲೇ ಇರುವವು. ಆದರೆ ನೋಡಬೇಕಾದ ಸ್ಥಳಗಳ ಯಾದಿಯಲ್ಲಿ ದಾಬೋಳಿ ವಿಮಾನನಿಲ್ದಾಣದ ಮಗ್ಗುಲಿಗೆ, ಬೋಗ್ಮಾಳೋ ಕಡಲತೀರದ ದಾರಿಯಲ್ಲಿರುವ ಸಣ್ಣದೊಂದು ಸಂಗ್ರಹಾಲಯವು ಸೇರುವದು ಅಪರೂಪ. ಇದು ಭಾರತೀಯ ನೌಕಾಪಡೆಯ ವಿಮಾನ ಸಂಗ್ರಹಾಲಯ. 1998ನೆಯ ಇಸವಿಯ ಅಕ್ಟೋಬರದಲ್ಲಿ ಸ್ಥಾಪಿತವಾದುದು. ವಾಚಕರು ಮುಂದಿನ ಯಾತ್ರೆಯಲ್ಲಿ ಅರ್ಧ ದಿವಸವನ್ನು ಇದಕ್ಕಾಗಿ ಮೀಸಲಿಡಬೇಕೆಂಬುದೇ ಈ ಲೇಖನದ ಉದ್ದೇಶವು.

ವಿಮಾನಗಳನ್ನು ನೋಡಲಿಕ್ಕೆ ವಿಮಾನದಲ್ಲಿಯೇ ಹೋಗಬೇಕೆಂಬ ಆಶೆ ಕೆಲವರಿಗಾದರೂ ಹುಟ್ಟದೆ ಇರದು. ಬೆಳಗಾವಿಯ ಸಾಂಬ್ರಾದಿಂದ ದಾಬೋಳಿಗೆ ಹಕ್ಕಿ ಹಾರುವ ದಾರಿಯಿಂದ ಸುಮಾರು 100 ಕಿಲೋಮೀಟರ ಮಾತ್ರ. ಗಂಟೆಗೆ 200 ಕಿಲೋಮೀಟರ ವೇಗವುಳ್ಳ ಪುಟ್ಟ ಖಾಸಗಿ ವಿಮಾನಕ್ಕೆ ಇದು ಅರ್ಧ ತಾಸಿನ ಪ್ರಯಾಣ. ಸಹ್ಯಾದ್ರಿಯ ಹಸುರು ಕಾಡು ಕೆಳಗೆ ಸರಿದುಹೋಗಿ, ಮಾಂಡವಿ ಮತ್ತು ಜುವಾರಿ ನದಿಗಳ ಅಗಲವಾದ ಮುಖಗಳೂ ಆಚೆಗೆ ಅರಬ್ಬೀ ಸಮುದ್ರವೂ ಒಮ್ಮೆಲೆ ಕಣ್ಣಿಗೆ ಬೀಳುವವು. ಆದರೆ ದಾಬೋಳಿಯ ನೆಲ ನೌಕಾಪಡೆಯದು. ಹಾರಾಟದ ವಿವರವನ್ನು ಮುಂಗಡವಾಗಿ ಅಧಿಕಾರಿಗಳಿಗೆ ಒಪ್ಪಿಸಿ, ಅಪ್ಪಣೆ ಪಡೆದಲ್ಲದೆ ಎಂತಹ ಶ್ರೀಮಂತನ ವಿಮಾನವೂ ಅಲ್ಲಿ ಇಳಿಯುವಂತಿಲ್ಲ. ಚೋರ್ಲಾ ಘಟ್ಟದ ತಿರುವುಗಳನ್ನು ಸುತ್ತಿ ಮೋಟಾರಿನಲ್ಲಿ ಬರುವ ಸಾಮಾನ್ಯ ಗೃಹಸ್ಥನಿಗೆ ಈ ತೊಡಕೊಂದೂ ಇಲ್ಲ!

ಸಾಂಬ್ರಾ ಮತ್ತು ದಾಬೋಳಿಗಳಿಗೆ ಹಳೆಯ ಸಂಬಂಧವೊಂದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷರ ವಾಯುಪಡೆಯು ಸಾಂಬ್ರಾ ನಿಲ್ದಾಣವನ್ನು ಕಟ್ಟಿಸಿತು. ದಾಬೋಳಿಯನ್ನು ಪೋರ್ಚುಗೀಜರು ಕಟ್ಟಿದರು. 1961ರ ಡಿಸೆಂಬರದಲ್ಲಿ ಗೋವೆಯ ವಿಮೋಚನೆಗಾಗಿ ನಮ್ಮ ಭೂಸೈನ್ಯವು ಕೂಡಿಕೊಂಡದ್ದು ಬೆಳಗಾವಿಯಲ್ಲಿಯೇ. ವಿಮೋಚನೆಯಾದ ಬಳಿಕ ದಾಬೋಳಿಯು ನೌಕಾಪಡೆಯ ವಶಕ್ಕೆ ಬಂದಿತು.

ಸಂಗ್ರಹಾಲಯದ ಅಂಗಳದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣು ಸೆಳೆಯುವದು ಸೂಪರ್ ಕಾನ್ಸ್ಟಲೇಶನ್ ಎಂಬ ಮಹಾವಿಮಾನ. ನಾಲ್ಕು ಎಂಜಿನುಗಳುಳ್ಳ ಇದರ ರೆಕ್ಕೆಗಳ ಹರವು ಸುಮಾರು 123 ಅಡಿ. ಮೊದಲು ಇದು ಏರ್ ಇಂಡಿಯಾ ಸಂಸ್ಥೆಯಲ್ಲಿ ಎಲ್ಲೋರಾದ ರಾಣಿ ಎಂಬ ಹೆಸರಿನಿಂದ ಪ್ರವಾಸಿಗರನ್ನು ಪರದೇಶಗಳಿಗೆ ಹೊತ್ತೊಯ್ಯುತ್ತಿದ್ದಿತು. ಮುಂದೆ ವಾಯುಪಡೆಗೆ ಸೇರಿ, 1976ರಲ್ಲಿ ಸಮುದ್ರ ಕಾಯುವ ಹೊಣೆಯು ನೌಕಾಪಡೆಗೆ ಬಂದಾಗ ತಾನೂ ಅದರೊಡನೆ ಬಂದಿತು. ರಾಣಿಯು ಮುಪ್ಪಿನಲ್ಲಿ ಕಾವಲುಗಾರ್ತಿಯಾದ ಕಥೆ ಇದು! ಇದರೆದುರು ಗುಬ್ಬಿಯಂತೆ ತೋರುವ ಸೀಲ್ಯಾಂಡ್ ವಿಮಾನವು ನೀರಿನ ಮೇಲೆಯೂ ನೆಲದ ಮೇಲೆಯೂ ಇಳಿಯಬಲ್ಲದು. 1953ರಲ್ಲಿ ಕೊಚ್ಚಿಯಲ್ಲಿ ನೌಕಾಪಡೆಯ ವಿಮಾನ ಶಾಖೆಯು ಆರಂಭವಾದದ್ದು ಈ ಜಾತಿಯ ವಿಮಾನಗಳಿಂದ.

ಹಡಗಿನ ಮೇಲಿನಿಂದ ವಿಮಾನ ಹಾರುವದೆಂದರೇನೆಂಬುದನ್ನು ಮಕ್ಕಳಿಗೆ ತಿಳಿಸಿಕೊಡಲಿಕ್ಕೆ ಈ ಸ್ಥಳದಂತಹ ಶಾಲೆ ಮತ್ತೊಂದಿಲ್ಲ. ನೆಲದ ಮೇಲಿನ ಓಟದ ಹಾದಿ ಸಾವಿರಾರು ಅಡಿ ಉದ್ದ. ಮೊದಲಿನ ವಿಕ್ರಾಂತ ಹಡಗಿನ ಒಟ್ಟು ಉದ್ದವೇ ಸುಮಾರು 700 ಅಡಿ. ಆದ್ದರಿಂದ ಹಬೆಯ ಬಲದಿಂದ ವಿಮಾನವನ್ನು ಕವಣೆಯ ಕಲ್ಲಿನಂತೆ ಮುಂದಕ್ಕೆ ಎಸೆಯುತ್ತಿದ್ದರು. ಇಳಿಯುವಾಗ ಬಾಲದ ಕೊಕ್ಕೆಯು ಹಡಗಿನ ಮೇಲೆ ಅಡ್ಡ ಬಿಗಿದ ಉಕ್ಕಿನ ಹಗ್ಗವನ್ನು ಹಿಡಿದು ವಿಮಾನವನ್ನು ನಿಲ್ಲಿಸುತ್ತಿದ್ದಿತು. ಸ್ಥಳವು ಇಕ್ಕಟ್ಟಾದುದರಿಂದ, ಕುಳಿತ ಹಕ್ಕಿಯಂತೆ ಸೀ ಹಾಕ್ ವಿಮಾನವೂ ರೆಕ್ಕೆ ಮಡಿಚಿಕೊಳ್ಳುವದು. ಇದರ ತರುವಾಯ 1983ರಲ್ಲಿ ಬಂದ ಸೀ ಹ್ಯಾರಿಯರ್ ವಿಮಾನದ ರೀತಿಯೇ ಬೇರೆ. ಎಂಜಿನಿನ ನಾಲ್ಕು ಬಾಯಿಗಳನ್ನು ಕೆಳಮುಖವಾಗಿ ತಿರುಗಿಸಿದರೆ ಅದು ಓಡದೆಯೇ ನೆಟ್ಟಗೆ ಕೆಳಗಿಳಿಯುತ್ತಿದ್ದಿತು. 2016ರ ಮೇ 11ರಂದು ಅದೂ ಸೇವೆಯಿಂದ ನಿವೃತ್ತವಾಯಿತು.

1971ರ ಡಿಸೆಂಬರ 4ರಿಂದ ವಿಕ್ರಾಂತದ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ, ಚಿತ್ತಗಾಂಗಗಳ ಮೇಲೆ ದಾಳಿ ಮಾಡಿದವು. ಹಡಗಿನ ಬಾಯ್ಲರಿನಲ್ಲಿ ಬಿರುಕು ಬಿಟ್ಟಿದ್ದಾಗ್ಯೂ ಅದನ್ನು ಯುದ್ಧಕ್ಕೆ ಒಯ್ದ ಧೈರ್ಯವು ಸಾಮಾನ್ಯವಾದುದಲ್ಲ. ಆದರೆ ಗೆಲುವಿನ ಕಥೆಯನ್ನಷ್ಟೇ ಕೇಳಿ ಹೊರಡತಕ್ಕದ್ದಲ್ಲ. ಅದೇ ಅಂಗಳದಲ್ಲಿ ಅಲಿಝೆ ಎಂಬ ಫ್ರೆಂಚ್ ವಿಮಾನವು ನಿಂತಿರುವದು. ನೀರಿನೊಳಗಿನ ಹಡಗುಗಳನ್ನು ಹುಡುಕುವದು ಅದರ ಕೆಲಸ. ಅದರೊಳಗೆ ಮೂವರು ಕೂಡ್ರುವರು. ಅದೇ ಯುದ್ಧದಲ್ಲಿ ಡಿಸೆಂಬರ 10ರಂದು ಇದರ ಸೋದರ ವಿಮಾನವೊಂದನ್ನು ಅರಬ್ಬೀ ಸಮುದ್ರದ ಮೇಲೆ ಪಾಕಿಸ್ತಾನದ ಜೆಟ್ ವಿಮಾನವು ಹೊಡೆದು ಕೆಡವಿತು. ಅದರಲ್ಲಿದ್ದ ಮೂವರೂ ಮನೆಗೆ ಮರಳಲಿಲ್ಲ. ನಮ್ಮ ಗಡಿಸೀಮೆಯ ಎಷ್ಟೋ ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗಿರುವರು, ಈಗಲೂ ಹೋಗುತ್ತಿರುವರು. ಅಂಥ ಮನೆಯ ತಾಯಿತಂದೆಗಳಿಗೆ ಆ ಮೂರು ಆಸನಗಳ ಅರ್ಥವನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾದುದಿಲ್ಲ.

ಎಚ್.ಟಿ.-2 ಎಂಬ ಪುಟ್ಟ ತರಬೇತಿ ವಿಮಾನವನ್ನಂತೂ ನಮ್ಮವರು ಅಭಿಮಾನದಿಂದ ನೋಡಬೇಕು. ಭಾರತದಲ್ಲಿಯೇ ರೂಪಿಸಿ, ಬೆಂಗಳೂರಿನ ಹಿಂದುಸ್ಥಾನ ವಿಮಾನ ಕಾರಖಾನೆಯಲ್ಲಿ ಕಟ್ಟಿದ ಇದು 1951ರ ಆಗಸ್ಟದಲ್ಲಿ ಮೊದಲು ಹಾರಿತು. ಇದನ್ನು ರೂಪಿಸಿದವರ ಮುಖ್ಯಸ್ಥರು ಡಾಕ್ಟರ ವಿಷ್ಣು ಮಾಧವ ಘಾಟಗೆಯವರು. ಇವರು ಹುಟ್ಟಿದ್ದು 1908ರಲ್ಲಿ, ಗಡಹಿಂಗ್ಲಜದ ಸಮೀಪದ ಹಸೂರಚಂಪು ಎಂಬ ಹಳ್ಳಿಯಲ್ಲಿ. ಸಂಕೇಶ್ವರ, ನಿಪ್ಪಾಣಿಗಳ ಜನಕ್ಕೆ ಅದು ನೆರೆಯ ಸೀಮೆ. ಆ ಹಳ್ಳಿಯ ಹುಡುಗನು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋಗಿ, ವಾಯುಗತಿಶಾಸ್ತ್ರದ ಆಚಾರ್ಯರಾದ ಲುಡ್ವಿಗ್ ಪ್ರಾಂಡ್ಟಲರ ಬಳಿಯಲ್ಲಿ ವಿದ್ಯೆ ಕಲಿತು ಬಂದನು. ಮುಂದೆ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನವಿದ್ಯೆಯ ಶಾಖೆ ತೆರೆದಾಗ ಅದರ ಭಾರವೂ ಇವರ ಮೇಲೆಯೇ ಬಿದ್ದಿತು. ವಿಮಾನವೆಂಬುದು ನಮ್ಮಂತಹರಿಗೆ ಎಟುಕದ ವಸ್ತುವೆಂದು ಹೇಳುವ ಬಾಲಕನಿಗೆ ಎಚ್.ಟಿ.-2ರ ಎದುರಿಗೆ ಈ ವೃತ್ತಾಂತವನ್ನು ತಿಳಿಸತಕ್ಕದ್ದು. ಬಾಲಿಕೆಯರಿಗೂ ಹೇಳತಕ್ಕ ಮಾತುಂಟು: 2019ರ ಡಿಸೆಂಬರ 2ರಂದು ಕೊಚ್ಚಿಯಲ್ಲಿ ಶಿವಾಂಗಿ ಎಂಬ ಯುವತಿಯು ನೌಕಾಪಡೆಯ ಪ್ರಥಮ ಮಹಿಳಾ ವೈಮಾನಿಕಳಾದಳು.

ಅಂಗಳವನ್ನು ನೋಡಿಯಾದ ಮೇಲೆ ಒಳಗಿನ ಎರಡಂತಸ್ತಿನ ಕಟ್ಟಡವನ್ನೂ ಬಿಡಬಾರದು. ಹಡಗುಗಳ ಮಾದರಿಗಳು, ಆಯುಧಗಳು, ಛಾಯಾಚಿತ್ರಗಳು ಅಲ್ಲಿ ಇರುವವು. ಸೋಮವಾರ ಸಂಗ್ರಹಾಲಯಕ್ಕೆ ರಜೆ ಇರುವದರಿಂದ ಆ ದಿನವನ್ನು ತಪ್ಪಿಸಿ ಹೊರಡಬೇಕು. ಕಡಲತೀರದ ಬಿಸಿಲು ತೀಕ್ಷ್ಣವಾದುದರಿಂದ ವೃದ್ಧರೂ ಚಿಕ್ಕಮಕ್ಕಳೂ ಜೊತೆಯಲ್ಲಿದ್ದರೆ ಮುಂಜಾನೆಯ ಹೊತ್ತೇ ಒಳ್ಳೆಯದು. ಮಕ್ಕಳನ್ನು ಅವಸರಪಡಿಸದೆ ಒಂದೊಂದು ವಿಮಾನದ ಬಳಿಯಲ್ಲಿಯೂ ನಿಲ್ಲಿಸಿ, ಇದನ್ನು ಯಾರು ಕಟ್ಟಿದರು, ಯಾರು ಹಾರಿಸಿದರು, ಯಾತಕ್ಕಾಗಿ ಹಾರಿಸಿದರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ, ಘಟ್ಟವೇರಿ ಮನೆ ಮುಟ್ಟುವವರೆಗೆ ಮಾತಿಗೆ ಕೊರತೆಯಾಗದು.