ಅಚ್ಚು ಬದಲಿಸುವ ಮುನ್ನ ಹಲ್ಲಿನ ಲೆಕ್ಕ ನೋಡಿ

ಹುಣಸಗಿ: ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ಭತ್ತದ ಗದ್ದೆಗಳು ಹರಡಿಕೊಂಡಿವೆ. ಬೆಳೆಯ ಜತೆಗೆ ಕೆಸರೂ ಬಂದಿದೆ. ಮಳೆ ಬಿದ್ದೊಡನೆ ಅಂಟಿಕೊಳ್ಳುವ ಎರೆಮಣ್ಣಿನ ದಾರಿಯಲ್ಲಿ ಹೂತ ಜೀಪನ್ನು ಮೇಲೆತ್ತಲು ಚಾಲಕ ಎಂಜಿನ್ನಿನ ವೇಗ ಹೆಚ್ಚಿಸುತ್ತಾನೆ. ಜಾರುತ್ತಿದ್ದ ಚಕ್ರ ಒಮ್ಮೆಲೇ ಗಟ್ಟಿ ನೆಲ ಕಚ್ಚಿದರೆ ಆ ಹೊಡೆತವೆಲ್ಲ ಅಚ್ಚಿನ ಮೇಲೆ ಬೀಳುತ್ತದೆ. ಶಾಫ್ಟ್ ತುಂಡಾಗುವುದು, ಕ್ರೌನ್ ಚಕ್ರದ ಹಲ್ಲು ಮುರಿಯುವುದು ಇಂತಹ ಗಳಿಗೆಯಲ್ಲೇ.

ತಯಾರಿಕೆ ನಿಂತುಹೋದ ಹಳೆಯ ವಾಹನಕ್ಕೆ ಹೊಸ ಅಚ್ಚು ಸುಲಭವಾಗಿ ಸಿಗದು. ಆಗ ಮಾಲೀಕರ ದೃಷ್ಟಿ ಗುಜರಿ ಅಂಗಡಿಯತ್ತ ಹೊರಳುತ್ತದೆ. ಅಲ್ಲಿರುವ ಅಚ್ಚು ನೋಡಲು ಮುರಿದದ್ದರಂತೆಯೇ ಇರುತ್ತದೆ. ಆದರೆ ನೋಟಕ್ಕೆ ಒಂದೇ ಆಗಿರುವ ಎರಡು ಅಚ್ಚುಗಳು ಒಳಗೆ ಬೇರೆಯಾಗಿರಬಹುದು ಎಂಬುದೇ ಇಲ್ಲಿನ ತೊಡಕು.

ಅನುಪಾತದ ಮರ್ಮ

ಎಂಜಿನ್ನಿನ ಶಕ್ತಿ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಅಚ್ಚಿನೊಳಗಿನ ಪಿನಿಯನ್‌ಗೆ, ಅಲ್ಲಿಂದ ದೊಡ್ಡ ಕ್ರೌನ್ ಚಕ್ರಕ್ಕೆ ಸಾಗುತ್ತದೆ. ಕ್ರೌನ್‌ನ ಹಲ್ಲುಗಳ ಸಂಖ್ಯೆಯನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಅಚ್ಚಿನ ಅನುಪಾತ. ಎರಡನೇ ಮಹಾಯುದ್ಧ ಕಾಲದ ವಿಲ್ಲಿಸ್ ಜೀಪಿನ ಪಿನಿಯನ್‌ಗೆ 8, ಕ್ರೌನ್‌ಗೆ 39 ಹಲ್ಲು, ಅನುಪಾತ 4.88. ಮುಂದೆ ಮಹೀಂದ್ರ ಸಂಸ್ಥೆ ಭಾರತದಲ್ಲಿ ತಯಾರಿಸಿದ ಸಿಜೆ-3ಬಿ ಮಾದರಿಯ ಮೂಲ ವಿನ್ಯಾಸದಲ್ಲಿ ಈ ಸಂಖ್ಯೆಗಳು 8 ಮತ್ತು 43, ಅನುಪಾತ 5.38. ವ್ಯತ್ಯಾಸ ಕೇವಲ ನಾಲ್ಕು ಹಲ್ಲು. ಪರಿಣಾಮ ಮಾತ್ರ ಶೇ 10ರಷ್ಟು.

ಹಿಂದಿನ ಚಕ್ರಗಳಷ್ಟೇ ಎಳೆಯುವ ವಾಹನವಾದರೆ ಈ ವ್ಯತ್ಯಾಸ ವೇಗ ಮತ್ತು ಎಳೆತದಲ್ಲಿ ಕಾಣಿಸಿಕೊಳ್ಳುತ್ತದೆ. 5.38ರ ಜಾಗದಲ್ಲಿ 4.88ರ ಅಚ್ಚು ಕೂರಿಸಿದರೆ ಕೆಸರಿನಲ್ಲಿ ಎಳೆತ ತಗ್ಗುತ್ತದೆ. ಗೇರ್ ಪೆಟ್ಟಿಗೆಯ ಕಡೆಯಿಂದ ಚಾಲನೆ ಪಡೆಯುವ ವೇಗಮಾಪಕ 60 ಕಿ.ಮೀ. ತೋರಿಸುವಾಗ ವಾಹನ ನಿಜಕ್ಕೂ 66 ಕಿ.ಮೀ. ವೇಗದಲ್ಲಿರುತ್ತದೆ.

ನಾಲ್ಕೂ ಚಕ್ರ ಎಳೆಯುವ ವಾಹನದಲ್ಲಿ ಅಪಾಯ ಇನ್ನೂ ದೊಡ್ಡದು. ಫೋರ್ ವೀಲ್ ಡ್ರೈವ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಅನುಪಾತ ಬೇರೆಯಾದರೆ ಒಂದು ಅಚ್ಚಿನ ಚಕ್ರಗಳು 100 ಮೀಟರ್ ಸಾಗುವಷ್ಟರಲ್ಲಿ ಇನ್ನೊಂದರವು 110 ಮೀಟರ್ ಸಾಗಬೇಕಾಗುತ್ತದೆ. ಅದು ಸಾಧ್ಯವಿಲ್ಲದ್ದರಿಂದ ಟೈರು ಸವೆಯುತ್ತದೆ, ಶಾಫ್ಟ್ ತಿರುಚಿಕೊಳ್ಳುತ್ತದೆ, ಕೊನೆಗೆ ಹಲ್ಲು ಮುರಿಯುತ್ತದೆ. ಹೀಗಾಗಿ ಅನುಪಾತ ಬದಲಾಗುವುದಿದ್ದರೆ ಹಿಂದಿನದನ್ನು ಮಾತ್ರವಲ್ಲ, ಎರಡೂ ಅಚ್ಚುಗಳನ್ನು ಬದಲಿಸುವುದು ಅನಿವಾರ್ಯ.

ಹೆಸರು ಒಂದು, ಅಗಲ ಎರಡು

ಅನುಪಾತ ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯದು. 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯ ಚಕ್ರಗಳ ನಡುವಿನ ಅಂತರವನ್ನು 1993ರಲ್ಲಿ 90 ಮಿ.ಮೀ. ಹೆಚ್ಚಿಸಲಾಯಿತು. ಮುಂಭಾಗದಲ್ಲಿ 1210 ಮಿ.ಮೀ. ಇದ್ದದ್ದು 1300 ಆಯಿತು. ಹೆಸರು ಜಿಪ್ಸಿಯೇ ಆದರೂ ಹಳೆಯ ಮತ್ತು ಹೊಸ ಗಾಡಿಗಳ ಅಚ್ಚುಗಳ ಅಗಲ ಬೇರೆ.

ಚಕ್ರ ಕೂರುತ್ತದೆ ಎಂಬುದೂ ಅಚ್ಚು ಹೊಂದುತ್ತದೆ ಎಂಬುದಕ್ಕೆ ಪುರಾವೆಯಲ್ಲ. ಜೀಪು ಮತ್ತು ಜಿಪ್ಸಿ ಎರಡರಲ್ಲೂ ಚಕ್ರದ ಐದು ಬೋಲ್ಟುಗಳು 139.7 ಮಿ.ಮೀ. ವ್ಯಾಸದ ವೃತ್ತದ ಮೇಲಿವೆ. ಅಚ್ಚುಗಳು ಮಾತ್ರ ಬೇರೆ ಬೇರೆ. ಲೀಫ್ ಸ್ಪ್ರಿಂಗ್ ಕೂರುವ ಪೀಠಗಳ ಅಂತರ, ಡಿಫರೆನ್ಷಿಯಲ್ ಇರುವ ಸ್ಥಾನ, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಮತ್ತು ಕೋನ, ಬ್ರೇಕ್ ಡ್ರಮ್ಮಿನ ಗಾತ್ರ, ಹ್ಯಾಂಡ್ ಬ್ರೇಕ್ ಕೇಬಲ್ ಇವೆಲ್ಲ ತಾಳೆಯಾಗಬೇಕು. ಇವುಗಳಲ್ಲಿ ಬ್ರೇಕ್ ವಿಷಯದಲ್ಲಿ ರಾಜಿ ಸಲ್ಲದು. ಮುಂದಿನ ಮತ್ತು ಹಿಂದಿನ ಬ್ರೇಕುಗಳ ಹಿಡಿತದಲ್ಲಿ ಸಮತೋಲ ತಪ್ಪಿದರೆ ಆಳುಗಳನ್ನು ತುಂಬಿಕೊಂಡ ಗಾಡಿ ತಿರುವಿನಲ್ಲಿ ಅಡ್ಡ ತಿರುಗಬಹುದು.

ಬಿಚ್ಚದೆ ಎಣಿಸುವ ಬಗೆ

ಅಂಗಡಿಯಲ್ಲಿ ಬಿದ್ದಿರುವ ಅಚ್ಚಿನ ಅನುಪಾತವನ್ನು ಅದನ್ನು ಬಿಚ್ಚದೆಯೇ ತಿಳಿಯಬಹುದು. ಸಾಮಾನ್ಯ ಡಿಫರೆನ್ಷಿಯಲ್ ಇರುವ ಅಚ್ಚಿನ ಒಂದು ತುದಿಯ ಡ್ರಮ್ಮನ್ನು ಕದಲದಂತೆ ಹಿಡಿದು, ಇನ್ನೊಂದು ತುದಿಯನ್ನು 20 ಸುತ್ತು ತಿರುಗಿಸಬೇಕು. ಪಿನಿಯನ್ ತುದಿಯ ಮೇಲೆ ಸುಣ್ಣದ ಗುರುತು ಹಾಕಿ ಅದು ಎಷ್ಟು ಸುತ್ತಿತೆಂದು ಎಣಿಸಿ 10ರಿಂದ ಭಾಗಿಸಿದರೆ ಅನುಪಾತ ದೊರೆಯುತ್ತದೆ. 48 ಮುಕ್ಕಾಲು ಸುತ್ತಿದರೆ ಅದು 4.88ರ ಅಚ್ಚು, 53 ಮುಕ್ಕಾಲು ಸುತ್ತಿದರೆ 5.38ರದ್ದು. ವಾಹನದಲ್ಲಿರುವ ಅಚ್ಚನ್ನೂ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಒಂದೇ ಚಕ್ರ ಎತ್ತಿ, ಉಳಿದವಕ್ಕೆ ಕಲ್ಲು ಆನಿಸಿ ಹೀಗೆಯೇ ಪರೀಕ್ಷಿಸಬಹುದು.

ಕಾನೂನಿನ ಮಿತಿ

ಅದೇ ಮಾದರಿಯ ಅಚ್ಚು ಹಾಕಿದರೆ ಅದು ದುರಸ್ತಿ. ಬೇರೆ ಮಾದರಿಯದನ್ನು ಹಾಕಿ ತಯಾರಕರು ನಿಗದಿಪಡಿಸಿದ ಸ್ವರೂಪವನ್ನೇ ಬದಲಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ರೂ 5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮಾ ಪರಿಹಾರಕ್ಕೂ ತೊಡಕಾಗಬಹುದು. ಆದ್ದರಿಂದ ಹಣ ಕೊಡುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಗುಜರಿ ಅಂಗಡಿಯಲ್ಲಿ ಅಳತೆಪಟ್ಟಿ ಹಿಡಿದು ಅರ್ಧ ಗಂಟೆ ಕಳೆಯುವುದು ಹೆಚ್ಚಿನ ಕೆಲಸವಲ್ಲ. ಸುಗ್ಗಿಯ ನಡುವೆ ಗಾಡಿ ಎರಡನೇ ಬಾರಿ ನಿಂತರೆ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.