ಐಸಿಯು ಸಿಸ್ಟರ್‌ಗೆ ಕರುಣೆ ಇಲ್ಲವೇ?

ಬೆಂಗಳೂರಿನ ವರ್ತೂರಿನಲ್ಲಿ ಮಗುವಿಗೆ ಉಸಿರಾಟ ಬಿಗಿದರೆ ಮನೆಯವರು ವೈಟ್‌ಫೀಲ್ಡ್‌ಗೋ ಮಾರತ್ತಹಳ್ಳಿಗೋ ಓಡುತ್ತಾರೆ. ಮಕ್ಕಳ ಐಸಿಯು ಬಾಗಿಲ ಹೊರಗೆ ಕೂತು ಒಂದು ರಾತ್ರಿ ಕಳೆಯುವಷ್ಟರಲ್ಲಿ ದೂರು ಸಿದ್ಧ: "ಆ ಸಿಸ್ಟರ್ ಮುಖ ಕೊಟ್ಟು ಮಾತಾಡಲ್ಲ. ಏನು ಕೇಳಿದರೂ ಡಾಕ್ಟರ್‌ನ ಕೇಳಿ ಅಂತಾರೆ. ಮಕ್ಕಳು ಸಾಯೋದು ನೋಡಿ ನೋಡಿ ಕಲ್ಲಾಗಿಬಿಟ್ಟಿದ್ದಾರೆ."

ಬಾಗಿಲ ಒಳಗಿನ ಲೆಕ್ಕ ಬೇರೆ. ವೆಂಟಿಲೇಟರ್ ಮೇಲಿರುವ ಮಗುವಿನ ಗಂಟಲಿನ ಕೊಳವೆಯಿಂದ ಆಗಾಗ ಕಫ ಎಳೆಯಬೇಕು, ಮಗ್ಗುಲು ಬದಲಿಸಬೇಕು, ಗಂಟೆಗೊಮ್ಮೆ ಮೂತ್ರ ಅಳೆದು ಚಾರ್ಟ್‌ನಲ್ಲಿ ಬರೆಯಬೇಕು. ಔಷಧಿಯ ಪ್ರಮಾಣವೆಲ್ಲ ಮಗುವಿನ ತೂಕದ ಮೇಲೆ. ಒಂದು ದಶಮಾಂಶ ಬಿಂದು ತಪ್ಪಿದರೆ ಹತ್ತು ಪಟ್ಟು ವ್ಯತ್ಯಾಸ. ಅದಕ್ಕೇ ಐಸಿಯುನಲ್ಲಿ ಒಂದು ಹಾಸಿಗೆಗೆ ಒಬ್ಬ ನರ್ಸ್ ಇರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುವುದು. ರಜೆ ಹಾಕಿದವರ ಡ್ಯೂಟಿಯೂ ಹೆಗಲಿಗೆ ಬಿದ್ದು ಎರಡು ಹಾಸಿಗೆ ನೋಡಬೇಕಾದಾಗ ಮೊದಲು ಕಡಿಮೆಯಾಗುವುದು ಮಾತು.

ಈ ಮೌನ ಅಭ್ಯಾಸಬಲವೂ ಅಲ್ಲ, ಕಲ್ಲು ಮನಸ್ಸೂ ಅಲ್ಲ. ಬಹಳ ಸಲ ಅದು ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದ ಬಳಲಿಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಗುರುತಿಸಿತು: ಪೂರ್ತಿ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಹೊರಗೆ ಕೂತವರ ಕಣ್ಣಿಗೆ ಕಾಣುವುದು ಎರಡನೆಯದು ಮಾತ್ರ. ಬರ್ನ್‌ಔಟನ್ನು ಸಂಸ್ಥೆ ಕಾಯಿಲೆಯೆಂದು ಕರೆದಿಲ್ಲ, ಕೆಲಸದ ಜಾಗದ ನಿಭಾಯಿಸದ ಒತ್ತಡದ ಫಲ ಎಂದಿದೆ. ಮೇ 12ರ ನರ್ಸ್‌ಗಳ ದಿನದಂದು ಕೇಕ್ ಕತ್ತರಿಸಿ, ಯೋಗ ಶಿಬಿರ ಮಾಡಿ ಕೈತೊಳೆದುಕೊಳ್ಳುವ ಆಡಳಿತ ಮಂಡಳಿಗಳು ಇದನ್ನು ಒಮ್ಮೆ ಓದಬೇಕು.

"ಡಾಕ್ಟರ್‌ನ ಕೇಳಿ" ಎನ್ನುವುದು ಬಹಳ ಸಲ ಆಸ್ಪತ್ರೆಯ ನಿಯಮ. ಗೊತ್ತಿದ್ದೂ ಹೇಳುವಂತಿಲ್ಲ.

ಇನ್ನೊಂದು ನಂಬಿಕೆ ಆಸ್ಪತ್ರೆಯವರದ್ದೇ: ಅಪ್ಪ ಅಮ್ಮನನ್ನು ಒಳಗೆ ಬಿಟ್ಟರೆ ಸೋಂಕು ಹೆಚ್ಚುತ್ತದೆ, ನರ್ಸ್‌ಗಳು ಇನ್ನಷ್ಟು ಸುಸ್ತಾಗುತ್ತಾರೆ. ಬ್ರೆಜಿಲ್‌ನ 36 ಐಸಿಯುಗಳಲ್ಲಿ ಮನೆಯವರಿಗೆ ದಿನಕ್ಕೆ 12 ಗಂಟೆವರೆಗೆ ಒಳಗಿರಲು ಬಿಟ್ಟು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಸೋಂಕಿನಲ್ಲಾಗಲಿ ಸಿಬ್ಬಂದಿಯ ಬರ್ನ್‌ಔಟ್‌ನಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮನೆಯವರ ಆತಂಕ ಕಡಿಮೆಯಾಗಿತ್ತು. ಅವು ದೊಡ್ಡವರ ಐಸಿಯುಗಳು, ನಿಜ. ಆದರೆ ಶಿಶುಗಳ ವಿಷಯದಲ್ಲಿ ಇನ್ನೂ ಗಟ್ಟಿ ಪುರಾವೆಯಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ಕಡಿಮೆ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಒರಗಿಸಿ, ತಾಯಿಯನ್ನೂ ಐಸಿಯುನಲ್ಲೇ ಇರಿಸಿಕೊಂಡಾಗ ಮೊದಲ 28 ದಿನಗಳ ಸಾವು ಸುಮಾರು ಶೇ 25ರಷ್ಟು ಇಳಿಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶವಿದು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರಿ ವ್ಯವಸ್ಥೆಯೊಳಗೇ ಹೀಗೆ ಎದೆಗೊರಗಿಸುವ ಕಾಂಗರೂ ಆರೈಕೆಯನ್ನು ಹಬ್ಬಿಸಿದ್ದಾರೆ.

ನರ್ಸ್‌ಗಳನ್ನು ಹಣ್ಣು ಮಾಡುವುದು ತಾಯಿಯ ಪ್ರಶ್ನೆಯಲ್ಲ, ಒಂದೇ ಪ್ರಶ್ನೆ ಆರು ಬಾಯಿಂದ ಬರುವುದು. ಅಜ್ಜಿ, ಚಿಕ್ಕಪ್ಪ, ಊರಿಂದ ಫೋನ್ ಮಾಡುವ ಸೋದರಮಾವ. ಜೊತೆಗೆ ಬಿಲ್ಲಿನ ಸಿಟ್ಟು. ಮನೆಯವರು ಒಬ್ಬರನ್ನು ಮಾತಿಗೆ ಗೊತ್ತು ಮಾಡಲಿ, ಡಾಕ್ಟರ್ ದಿನಕ್ಕೊಂದು ಹೊತ್ತು ನಿಗದಿ ಮಾಡಿ ಅವರ ಜೊತೆ ಕೂರಲಿ, ಆಗ ಸಿಸ್ಟರ್ ಪಕ್ಕದಲ್ಲೇ ಇರಲಿ. "ನಾನೇನಾದರೂ ಮಾಡಬಹುದಾ ಸಿಸ್ಟರ್?" ಎಂದು ಕೇಳಿದ ತಾಯಿಗೆ ಕೈ ತೊಳೆಸಿ, ಒಣಗಿದ ತುಟಿ ಒರೆಸುವುದನ್ನೋ ಡೈಪರ್ ಬದಲಿಸುವುದನ್ನೋ ಹೇಳಿಕೊಡುವುದಕ್ಕೆ ಹೆಚ್ಚು ಹೊತ್ತು ಹಿಡಿಯದು.