ಅಧ್ಯಾಯ 5: ವೃದ್ಧಾಶ್ರಮದಲ್ಲಿ ಕೈಗೊಂದು ಕೆಲಸ

ಊಟ, ಮಾತ್ರೆ, ಸ್ನಾನ ಹೊತ್ತಿಗೆ ಸರಿಯಾಗಿ ನಡೆದರೆ ಹಿರಿಯರ ಆರೈಕೆ ಮುಗಿಯಿತು ಎಂದುಕೊಳ್ಳುತ್ತೇವೆ. ಉಳಿದ ಹೊತ್ತಿಗೆ ಟಿವಿ ಇದೆಯಲ್ಲ! 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಇಷ್ಟಕ್ಕೇ ನಿಲ್ಲಲಿಲ್ಲ. ಅದರ 19ನೇ ಕಲಂ ವೃದ್ಧಾಶ್ರಮಗಳ ಸೇವೆಗಳನ್ನು ಹೇಳುವಾಗ ವೈದ್ಯಕೀಯ ಆರೈಕೆಯ ಪಕ್ಕದಲ್ಲೇ ಮನರಂಜನೆಯನ್ನೂ ಇಟ್ಟಿದೆ. ಆದರೆ ಹಿರಿಯರಿಗೆ ಮನರಂಜನೆಯೊಂದೇ ಸಾಲದು. ತಾನು ಇನ್ನೂ ಯಾರಿಗಾದರೂ ಬೇಕು ಎನಿಸುವ ಕೆಲಸವೂ ಇರಬೇಕು.

ಗೊತ್ತಿರುವ ಕೆಲಸ ಕೊಡಿ

ಚಳಿಗಾಲ ಬಂತೆಂದರೆ ಮಾಗಡಿ ಸೀಮೆಯ ಅವರೆಕಾಯಿ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಬೀದಿಗಳಿಗೆ ಬರುತ್ತದೆ. ಆಶ್ರಮದ ಹಜಾರದಲ್ಲಿ ಒಂದೆರಡು ಕೆಜಿ ಕಾಯಿ ಹರಡಿದರೆ ಸಾಕು, ಸೊಗಡು ಮೂಗಿಗೆ ಬಡಿದು ಮಾತು ಶುರುವಾಗುತ್ತದೆ. ಸಿಪ್ಪೆ ಸುಲಿಯಬೇಕು, ಹುಳುಕು ಆರಿಸಬೇಕು. ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿದುಕಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಜಾರುತ್ತದೆ. ಬೆರಳು, ಕಣ್ಣು, ಗಮನ ಮೂರಕ್ಕೂ ಇದು ವ್ಯಾಯಾಮ. ಮರೆವಿನ ಕಾಯಿಲೆಯವರಲ್ಲಿ ಹೆಸರು, ದಿನಾಂಕಗಳು ಮಾಸಿದ ಮೇಲೂ ಕೈಗೆ ರೂಢಿಯಾದ ಕೆಲಸ ಬಹುಕಾಲ ಉಳಿದಿರುತ್ತದೆ. ಹಾಗಾಗಿ ಮೊಮ್ಮಗಳ ಹೆಸರು ನೆನಪಾಗದ ಅಜ್ಜಿಯೂ ಇಲ್ಲಿ ಎಲ್ಲರ ಸಮಕ್ಕೆ ಕೂರಬಹುದು. ಮಧ್ಯಾಹ್ನದ ಸಾರಿಗೆ ಆ ಬೇಳೆ ನಿಜವಾಗಿಯೂ ಬೇಕಾಗಿರುವುದೇ ಇದರ ಬೆಲೆ.

ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಸೊಪ್ಪು ಬಿಡಿಸುವುದು, ಲೆಕ್ಕದ ಪುಸ್ತಕ ಬರೆಯುವುದು ಎಲ್ಲವೂ ಆದೀತು. ಇಷ್ಟವಿಲ್ಲದವರನ್ನು ಮಾತ್ರ ಬಲವಂತಕ್ಕೆ ಕೂರಿಸಬಾರದು. ಅಡುಗೆಮನೆಯ ಆಳು ಉಳಿಸುವ ದಾರಿಯಾಗಿಯೂ ಇದನ್ನು ಬಳಸಬಾರದು.

ಆಯ್ಕೆ ಅವರದೇ ಆಗಿರಲಿ

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಕನೆಕ್ಟಿಕಟ್‌ನ ಒಂದು ಆರೈಕೆ ಕೇಂದ್ರದಲ್ಲಿ ನಡೆಸಿದ ಅಧ್ಯಯನ ಹೆಸರಾದದ್ದು. ಒಂದು ಮಹಡಿಯವರಿಗೆ ಗಿಡ ಕೊಟ್ಟು, ನೀರು ಹಾಕುವ ಹೊಣೆ ನಿಮ್ಮದೇ, ಸಿನಿಮಾ ಯಾವ ದಿನ ನೋಡಬೇಕೆಂಬುದೂ ನಿಮ್ಮದೇ ತೀರ್ಮಾನ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಆದರೆ ಅದರ ಆರೈಕೆ ಸಿಬ್ಬಂದಿಯ ಪಾಲಾಯಿತು. ಮೂರು ವಾರಗಳ ನಂತರ ಹೊಣೆ ಹೊತ್ತವರೇ ಹೆಚ್ಚು ಚುರುಕಾಗಿ, ಗೆಲುವಾಗಿ ಇದ್ದರು. ಇಂದು ಉಪ್ಪಿಟ್ಟೋ ಇಡ್ಲಿಯೋ, ಚೌಕಾಬಾರವೋ ಕೇರಮ್ಮೋ ಎಂದು ಹಿರಿಯರನ್ನೇ ಕೇಳುವುದಕ್ಕೆ ಖರ್ಚೇನೂ ಇಲ್ಲ.

ನೆನಪಿಗೆ ಕಿವಿಗೊಡಿ

ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಒಂದು ಮುಖ್ಯ ಮಾತು ಹೇಳಿದರು: ಮುಪ್ಪಿನಲ್ಲಿ ಹಳೆಯದನ್ನು ಮೆಲುಕು ಹಾಕುವುದು ಅರಳುಮರಳಲ್ಲ, ಬಾಳನ್ನು ಒಮ್ಮೆ ತಿರುಗಿ ನೋಡುವ ಸಹಜ ಕೆಲಸ. ಬೆಂಗಳೂರಿನ ಈ ಭಾಗದ ಹಿರಿಯರಲ್ಲಿ ಬಿನ್ನಿ ಮಿಲ್, ಸಾಬೂನು ಕಾರ್ಖಾನೆ, ರಾಜಾಜಿನಗರದ ಕೈಗಾರಿಕಾ ಬಡಾವಣೆಗಳಲ್ಲಿ ದುಡಿದವರಿದ್ದಾರೆ. ‘ನಿಮಗೆ ಯಾವ ಶಿಫ್ಟು ಇತ್ತು ತಾತ? ಯಾವ ಮೆಷಿನ್ನು?’ ಎಂದು ಕೇಳಿ. ಸಾಬೂನು ಕಾರ್ಖಾನೆಯಲ್ಲಿದ್ದವರ ಕೈಗೊಂದು ಮೈಸೂರು ಸ್ಯಾಂಡಲ್ ಸೋಪು ಕೊಡಿ. ಪರಿಮಳ ಹಳೆಯ ನೆನಪನ್ನು ಬೇಗ ಎಬ್ಬಿಸುತ್ತದೆ. ದುಃಖದ ನೆನಪು ಬಂದರೆ ಮಾತು ತಿರುಗಿಸದೆ ಪಕ್ಕದಲ್ಲಿ ಕೂತು ಕೇಳಿ.

ಮೈಗೂ ಅಭ್ಯಾಸ ಬೇಕು

65 ದಾಟಿದವರು ಬೀಳದಂತೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೈದ್ಯರನ್ನು ಕೇಳಿಕೊಂಡು, ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದರಿಂದಲೇ ಆರಂಭಿಸಬಹುದು.

ಮನೆಯವರು ಮಾಡಬೇಕಾದದ್ದು

ಅಮ್ಮನಿಗೆ ಯಾವ ಕೆಲಸ ಒಲಿದಿತ್ತು, ಅಪ್ಪ ಯಾವ ಹಾಡು ಗುನುಗುತ್ತಿದ್ದರು, ಏನು ಕಂಡರೆ ಆಗದು ಎಂದು ಒಂದು ಪುಟ ಬರೆದು ಆಶ್ರಮದವರಿಗೆ ಕೊಡಿ. ಭಾನುವಾರ ನೋಡಲು ಹೋಗುವಾಗ ಹಣ್ಣಿನ ಜೊತೆ ಗುಂಡಿ ಕಿತ್ತುಹೋದ ಅಂಗಿಯನ್ನೋ ಮಗುವಿನ ಮಗ್ಗಿ ಪುಸ್ತಕವನ್ನೋ ಒಯ್ಯಿರಿ. ‘ಇದನ್ನೊಂದು ಮಾಡಿಕೊಡಮ್ಮ’ ಎಂದು ಕೇಳಿ. ಮಾಡಿಕೊಟ್ಟದ್ದನ್ನು ಮನೆಗೆ ತಂದು ಬಳಸಿ.